ಉಚಿತ ವಿದ್ಯಾರ್ಥಿನಿಲಯದ ವರ್ಷವನ್ನು ಯೋಜಿಸುವ ಬಗೆ

ತುಮಕೂರಿನ ಸಿದ್ಧಗಂಗಾ ಮಠದ ಅನ್ನ, ಅಕ್ಷರ, ಆಶ್ರಯ ದಾಸೋಹದ ಮಾದರಿಯಲ್ಲಿ ಉಚಿತ ವಿದ್ಯಾರ್ಥಿನಿಲಯ ನಡೆಸಬಯಸುವ ಟ್ರಸ್ಟ್‌ಗಳು ಏಪ್ರಿಲ್‌ನಲ್ಲಿ ಹಿಂದಿನ ವರ್ಷದ ಲೆಕ್ಕಪತ್ರಗಳನ್ನು ಹೊಂದಿಸಿ, ಮೇ ತಿಂಗಳಲ್ಲಿ ಜಾತಿ ಮತಗಳನ್ನು ನೋಡದೆ, ಬಡತನವೊಂದನ್ನೇ ಗಮನಿಸಿ ಮಕ್ಕಳನ್ನು ಸೇರಿಸಿಕೊಳ್ಳಬೇಕು. ಶಾಲೆ ಆರಂಭವಾದ ದಿನದಿಂದಲೇ ಸಾಮೂಹಿಕ ಪ್ರಾರ್ಥನೆಯನ್ನು ರೂಢಿಸಬೇಕು.

ಎಲ್ಲಕ್ಕಿಂತ ಕಠಿಣವಾದುದು ಉಗ್ರಾಣದ ನಿರ್ವಹಣೆ. ರಾಗಿಯ ಒಕ್ಕಣೆ ಮುಗಿಯುವ ಸುಗ್ಗಿಯ ಹೊತ್ತಿನಲ್ಲಿ ಹಳ್ಳಿಗಳಿಗೆ ಖುದ್ದಾಗಿ ಹೋಗಿ ಧಾನ್ಯದ ಕಾಣಿಕೆ ಕೇಳಿರಿ. ಒಂದು ಸೇರು ಕೊಟ್ಟವರಿಗೂ ರಸೀದಿ ಕೊಡುವುದು ನನ್ನ ದೃಷ್ಟಿಯಲ್ಲಿ ಪ್ರಾರ್ಥನೆಯಷ್ಟೇ ಪವಿತ್ರವಾದ ಕೆಲಸ. ಚೆನ್ನಾಗಿ ಒಣಗಿಸಿದ ರಾಗಿ ವರ್ಷಗಟ್ಟಲೆ ಕೆಡುವುದಿಲ್ಲವಾದರೂ ಬೇಳೆಗೆ ಬೇಗ ಹುಳು ಹಿಡಿಯುವುದರಿಂದ, ನಗದು ದೇಣಿಗೆಯನ್ನು ಬೇಳೆ ಮತ್ತು ಎಣ್ಣೆಗೆ ಮೀಸಲಿಟ್ಟು ತಿಂಗಳಿಗೊಮ್ಮೆ ಖರೀದಿಸುವುದು ಲೇಸು. ಶಿವರಾತ್ರಿಯ ಜಾತ್ರೆಗೆ ಭಕ್ತರು ಬಂದಾಗ ಎಸ್‌ಎಸ್‌ಎಲ್‌ಸಿ ಮಕ್ಕಳನ್ನು ಸೇವೆಗೆ ಹಚ್ಚದೆ, ಅವರ ಓದಿಗೆ ಪ್ರತ್ಯೇಕ ಕೋಣೆಯನ್ನು ಬಿಟ್ಟುಕೊಡಿರಿ.