ಮಡಿಕೇರಿ ಕೋಟೆಯೊಳಗಿನ ಚರ್ಚನ್ನು ಬಿಟ್ಟು ಬರಬೇಡಿ

ರಜೆಗೆ ಶಿವಮೊಗ್ಗದ ಕಡೆಯಿಂದ ಮಡಿಕೇರಿಗೆ ಹೊರಟವರೇ, ರಾಜಾಸೀಟು ನೋಡಿ ಹಾಗೇ ವಾಪಸ್ ಬರಬೇಡಿ. ಕೋಟೆಯೊಳಗೆ ಬ್ರಿಟಿಷರ ಕಾಲದ ಹಳೇ ಚರ್ಚ್ ಇದೆ. 1834ರಲ್ಲಿ ಕೊಡಗು ಅವರ ಕೈಸೇರಿದ ಮೇಲೆ, ವೀರಭದ್ರ ದೇವಸ್ಥಾನವನ್ನು ತೆಗೆದು ಕಟ್ಟಿಸಿದ್ದು. ಈಗ ಅದು ಸರ್ಕಾರಿ ವಸ್ತುಸಂಗ್ರಹಾಲಯ. ಕಮಾನು, ಬಣ್ಣದ ಗಾಜಿನ ಕಿಟಕಿ ಎಲ್ಲಾ ಹಾಗೇ ಇವೆ. ಬಿಸಿಲಿದ್ದಾಗ ಹೋದರೆ ಗಾಜಿನ ಬಣ್ಣ ಎದ್ದು ಕಾಣುತ್ತೆ.

ಅಲ್ಲಿರೋ ವೀರಗಲ್ಲುಗಳನ್ನು ಕೆಳಗಿನಿಂದ ಮೇಲಕ್ಕೆ ನೋಡಿ. ಸಾಮಾನ್ಯವಾಗಿ ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಸತ್ತ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ವೀರ, ತುದಿಯಲ್ಲಿ ಸೂರ್ಯ ಚಂದ್ರ. ಸವೆದು ಮಾಸಿದ ಕಲ್ಲಾದರೆ ಸಿಬ್ಬಂದಿಯನ್ನು ಕೇಳಿ, ಮೊಬೈಲ್ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ, ಗೆರೆಗಳು ಎದ್ದು ಬರುತ್ತವೆ. ಎದುರಿನಿಂದ ನೇರವಾಗಿ ಬೆಳಕು ಹಾಯಿಸಿದರೆ ಏನೂ ಕಾಣಲ್ಲ. ಕೈಯಲ್ಲಿ ಮುಟ್ಟೋದು ಬೇಡ, ಮಕ್ಕಳಿಗೂ ಮೊದಲೇ ಹೇಳಿಬಿಡಿ.

ಇದೇ ಉಪಾಯ ನಮ್ಮೂರು ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯ ಅಂಗಳದ ಕಲ್ಲುಗಳಿಗೂ ನಡೆಯುತ್ತೆ. ಅಂದಹಾಗೆ, ಕೊಡಗನ್ನಾಳಿದ ಹಾಲೇರಿ ಅರಸರು ಇದೇ ಶಿವಪ್ಪನಾಯಕನ, ನಮ್ಮ ಇಕ್ಕೇರಿ ಮನೆತನದವರೇ ಅಂತಾರೆ!

ಸರ್ಕಾರಿ ವಸ್ತುಸಂಗ್ರಹಾಲಯಗಳಿಗೆ ಸಾಮಾನ್ಯವಾಗಿ ಸೋಮವಾರ ರಜೆ, ಹೊರಡೋ ಮುಂಚೆ ವಿಚಾರಿಸಿಕೊಳ್ಳಿ.