ಐದು ನಿಮಿಷಕ್ಕೆ ಒಂದು ಕಥೆ: ಹವ್ಯಾಸಿ ಕಿರುಚಿತ್ರ ನೋಡಿಸಿಕೊಂಡು ಹೋಗುವಂತೆ ಮಾಡುವುದು ಹೇಗೆ?

1895ರಲ್ಲಿ ಫ್ರಾನ್ಸಿನ ಲೂಮಿಯೇರ್ ಸಹೋದರರು ತೋರಿಸಿದ ಚಿತ್ರವೊಂದು ಒಂದು ನಿಮಿಷದಷ್ಟೂ ಉದ್ದವಿಲ್ಲ. ತೋಟಗಾರನೊಬ್ಬ ಕೊಳವೆ ಹಿಡಿದು ಗಿಡಗಳಿಗೆ ನೀರು ಬಿಡುತ್ತಿದ್ದಾನೆ. ಹುಡುಗನೊಬ್ಬ ಹಿಂದಿನಿಂದ ಬಂದು ಕೊಳವೆಯನ್ನು ಮೆಟ್ಟಿ ನಿಲ್ಲುತ್ತಾನೆ. ನೀರು ನಿಲ್ಲುತ್ತದೆ. ಏನಾಯಿತೆಂದು ತೋಟಗಾರ ಕೊಳವೆಯ ಬಾಯನ್ನು ಮುಖದ ಹತ್ತಿರ ಹಿಡಿದು ನೋಡುವಾಗ ಹುಡುಗ ಕಾಲೆತ್ತುತ್ತಾನೆ. ನೀರು ಮುಖಕ್ಕೆ ರಾಚುತ್ತದೆ. ತೋಟಗಾರ ಅಟ್ಟಿಸಿಕೊಂಡು ಹೋಗಿ ಹುಡುಗನಿಗೆ ಬಾರಿಸುತ್ತಾನೆ. ಅಷ್ಟೇ ಚಿತ್ರ. ಕ್ಯಾಮೆರಾ ನಿಂತಲ್ಲಿಂದ ಕದಲುವುದಿಲ್ಲ, ಬಣ್ಣವಿಲ್ಲ, ಮಾತಿಲ್ಲ. ಆದರೂ ನೀರು ನಿಂತಾಗಿನಿಂದ ಮತ್ತೆ ಚಿಮ್ಮುವವರೆಗೆ ಕಣ್ಣು ಕೀಳಲಾಗುವುದಿಲ್ಲ. ತೋಟಗಾರನಿಗೆ ಗೊತ್ತಿಲ್ಲದ್ದು ನಮಗೆ ಗೊತ್ತಿದೆ, ಮುಂದೇನಾಗುತ್ತದೆ ಎಂದು ನಾವು ಕಾಯುತ್ತಿದ್ದೇವೆ.

ನೋಡುಗ ಹೀಗೆ ಕಾಯುವಂತಾದರೆ ಅದು ಕಥೆ. ಇಂದು ನಮ್ಮ ಊರುಗಳಲ್ಲಿ ತಯಾರಾಗುವ ಹವ್ಯಾಸಿ ಕಿರುಚಿತ್ರಗಳ ಛಾಯಾಗ್ರಹಣ ಮೆಚ್ಚುವಂತಿರುತ್ತದೆ. ಮೊಬೈಲ್ ಕ್ಯಾಮೆರಾಗಳು ಅಷ್ಟು ಸುಧಾರಿಸಿವೆ. ಸೋಲುವುದು ಕಥೆಯಲ್ಲಿ. ಒಳ್ಳೆಯ ಸುದ್ದಿಯೆಂದರೆ ಕಥೆ ಕಟ್ಟಲು ದುಡ್ಡು ಬೇಡ, ಕಲಿತರೆ ಬರುತ್ತದೆ.

ಸಂದೇಶವನ್ನು ಬದಿಗಿಡಿ, ಮನುಷ್ಯರನ್ನು ಹುಡುಕಿ

‘ಪರಿಸರ ಉಳಿಸಿ ಎಂಬುದರ ಬಗ್ಗೆ ಚಿತ್ರ ಮಾಡಬೇಕು’, ‘ವೃದ್ಧರ ಕಷ್ಟದ ಬಗ್ಗೆ ಮಾಡಬೇಕು’ ಎಂದು ಹೊರಡುವ ತಂಡಗಳೇ ಹೆಚ್ಚು. ಇವು ಭಾಷಣಕ್ಕೋ ಪ್ರಬಂಧಕ್ಕೋ ಸಲ್ಲುವ ವಿಷಯಗಳು. ಕಥೆ ಹುಟ್ಟಬೇಕಾದರೆ ಒಬ್ಬ ವ್ಯಕ್ತಿ ಬೇಕು; ಆ ವ್ಯಕ್ತಿಗೆ ಏನೋ ಒಂದು ಬೇಕಾಗಿರಬೇಕು; ಅದು ಸುಲಭವಾಗಿ ಸಿಗಬಾರದು. ಬೇಕಾದದ್ದು ಕಣ್ಣಿಗೆ ಕಾಣುವ ವಸ್ತುವಾದರೆ ಇನ್ನೂ ಒಳ್ಳೆಯದು. ‘ನೆಮ್ಮದಿ ಬೇಕು’ ಎಂಬುದನ್ನು ಕ್ಯಾಮೆರಾ ಹಿಡಿಯಲಾರದು. ‘ಇವತ್ತು ಸಂಜೆಯೊಳಗೆ ಐದು ಕಿಲೋ ಅಕ್ಕಿ ಬೇಕು’ ಎಂಬುದನ್ನು ಹಿಡಿಯುತ್ತದೆ.

ಒಂದು ಕಥೆಯನ್ನೇ ಇಟ್ಟುಕೊಂಡು ನೋಡೋಣ. ಮಲೆನಾಡಿನ ಒಂದು ಹಳ್ಳಿ. ಜೀವಮಾನವಿಡೀ ಅಡಿಕೆ ಸುಲಿದ ಅಜ್ಜಿ. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕುಳಿತು ಕುಳಿತು ಬೆರಳ ತುದಿಗಳು ಸವೆದು ನುಣುಪಾಗಿವೆ, ಅಡಿಕೆಯ ಚೊಗರು ಹಿಡಿದು ಕಪ್ಪಾಗಿವೆ. ತಿಂಗಳ ಕೊನೆಯ ದಿನ ಆಕೆ ನ್ಯಾಯಬೆಲೆ ಅಂಗಡಿಗೆ ಬರುತ್ತಾಳೆ. ಯಂತ್ರ ಬೆರಳಚ್ಚು ಒಪ್ಪುವುದಿಲ್ಲ.

ಈಗ ನೋಡಿ: ವೃದ್ಧರ ಕಷ್ಟ, ದುಡಿಮೆ, ಯಂತ್ರ ಎಲ್ಲವೂ ಇದರೊಳಗೇ ಬಂದವು. ಯಾರೂ ಭಾಷಣ ಮಾಡಬೇಕಾಗಿಲ್ಲ.

ಒಂದೇ ವಾಕ್ಯದಲ್ಲಿ ಬರೆಯಿರಿ

ಚಿತ್ರಕಥೆಗೆ ಕೈ ಹಾಕುವ ಮೊದಲು ಯಾರಿಗೆ ಏನು ಬೇಕು, ಏನು ಅಡ್ಡ ಬರುತ್ತದೆ ಎಂಬುದನ್ನು ಒಂದು ವಾಕ್ಯದಲ್ಲಿ ಬರೆದು ಗೋಡೆಗೆ ಅಂಟಿಸಿ. ವಾಕ್ಯದಲ್ಲಿ ‘ಆಮೇಲೆ’ ಎಂಬ ಪದ ಎರಡು ಸಲ ಬಂದರೆ ನಿಮ್ಮ ಕೈಯಲ್ಲಿರುವುದು ಎರಡು ಚಿತ್ರಗಳ ಸರಕು. ಆಸ್ಕರ್ ಸ್ಪರ್ಧೆಯ ನಿಯಮದಲ್ಲಿ ಕಿರುಚಿತ್ರ 40 ನಿಮಿಷದವರೆಗೂ ಇರಬಹುದು. ಮೊದಲ ಚಿತ್ರ ಮಾಡುವವರು ಐದು ನಿಮಿಷ ದಾಟದಿದ್ದರೆ ಕ್ಷೇಮ. ಚಿತ್ರಕಥೆಯ ಒಂದು ಪುಟ ತೆರೆಯ ಮೇಲೆ ಸುಮಾರು ಒಂದು ನಿಮಿಷ ಎಂಬುದು ರೂಢಿಯ ಲೆಕ್ಕ. ಹಾಗಾಗಿ ಐದು ಪುಟ ಸಾಕು.

ಮುಂದಿನ ಕೆಲಸ ವಿಷಯವನ್ನು ಸರಿಯಾಗಿ ತಿಳಿದುಕೊಳ್ಳುವುದು. ಬೆರಳಚ್ಚು ಸಿಗದಿದ್ದರೆ ಮೊಬೈಲ್‌ಗೆ ಬರುವ ಒಟಿಪಿ ಕೊಡಬಹುದಲ್ಲ ಎಂದು ಪಡಿತರ ತರುವ ಯಾವ ನೋಡುಗನಾದರೂ ಕೇಳುತ್ತಾನೆ. ಈ ಪ್ರಶ್ನೆಗೆ ಬೆನ್ನು ತಿರುಗಿಸಿದರೆ ಆ ಗಳಿಗೆಯಲ್ಲೇ ನಂಬಿಕೆ ಹೋಗುತ್ತದೆ. ಎದುರಿಸಿದರೆ ಕಥೆಗೆ ಹೊಸ ತಿರುವು ಸಿಗುತ್ತದೆ: ಕಾರ್ಡಿಗೆ ಜೋಡಿಸಿರುವುದು ಬೆಂಗಳೂರಿನಲ್ಲಿರುವ ಮಗನ ಮೊಬೈಲ್ ಸಂಖ್ಯೆ, ಮಗ ಕರೆ ಎತ್ತುತ್ತಿಲ್ಲ. ಅಂಗಡಿಯವನು ಮತ್ತೆ ಮತ್ತೆ ಕರೆ ಮಾಡುತ್ತಾನೆ. ಅಜ್ಜಿ ‘ಅವನಿಗೆ ಕೆಲಸ ಜಾಸ್ತಿ’ ಎಂದು ತಾನೇ ಸಮಜಾಯಿಷಿ ಕೊಡುತ್ತಾಳೆ. ಅಕ್ಕಿಯ ಕಥೆಯೊಳಗೆ ಮಗನ ಕಥೆ ಸದ್ದಿಲ್ಲದೆ ಸೇರಿಕೊಂಡಿತು. ಊರಿನ ಅಂಗಡಿಯಲ್ಲಿ ಅರ್ಧ ದಿನ ಕುಳಿತು ಗಮನಿಸಿದವರಿಗೆ ಇಂಥದ್ದು ಹೊಳೆಯುತ್ತದೆ. ಕೊಠಡಿಯಲ್ಲಿ ಕುಳಿತು ಊಹಿಸಿದವರಿಗೆ ಹೊಳೆಯುವುದಿಲ್ಲ.

ಮಾತು ಕಡಿಮೆ ಮಾಡಿ, ಕೈಗಳಿಗೆ ಕೆಲಸ ಕೊಡಿ

ನನ್ನ ಮಟ್ಟಿಗೆ ಇಡೀ ಕಲಿಕೆಯಲ್ಲಿ ಮುಖ್ಯವಾದ ಹಂತ ಇದು. ಹವ್ಯಾಸಿ ಚಿತ್ರಗಳಲ್ಲಿ ಪಾತ್ರಗಳು ತಮಗೆ ಆಗುತ್ತಿರುವುದನ್ನು ತಾವೇ ಹೇಳಿಕೊಳ್ಳುತ್ತವೆ. ‘ಅಯ್ಯೋ, ನನ್ನ ಬೆರಳು ಸವೆದುಹೋಗಿದೆಯಲ್ಲ, ಇನ್ನು ನಾನು ಹೇಗೆ ಬದುಕಲಿ’ ಎಂದು ಅಜ್ಜಿ ಅಂದಕೂಡಲೇ ನೋಡುಗನಿಗೆ ಮಾಡಲು ಏನೂ ಉಳಿಯಲಿಲ್ಲ.

ಅದರ ಬದಲು ಹೀಗೆ ಬರೆಯಿರಿ. ಅಜ್ಜಿ ಹೆಬ್ಬೆರಳು ಒತ್ತುತ್ತಾಳೆ. ಯಂತ್ರ ಕುಂಯ್ಗುಟ್ಟುತ್ತದೆ. ಸೆರಗಿನಲ್ಲಿ ಬೆರಳು ಒರೆಸಿ ಮತ್ತೆ ಒತ್ತುತ್ತಾಳೆ. ಅಂಗಡಿಯವನು ಮಾತಿಲ್ಲದೆ ಒದ್ದೆ ಬಟ್ಟೆ ಚಾಚುತ್ತಾನೆ. ಸಾಲಿನಲ್ಲಿದ್ದ ಹೆಂಗಸೊಬ್ಬಳು ತನ್ನ ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆಯನ್ನೇ ಬೆರಳಲ್ಲಿ ತೆಗೆದು ಅಜ್ಜಿಯ ಬೆರಳಿಗೆ ಸವರುತ್ತಾಳೆ. ಮತ್ತೆ ಅದೇ ಸದ್ದು. ತೋರುಬೆರಳು, ನಡುಬೆರಳು. ಹಿಂದೆ ನಿಂತವನೊಬ್ಬ ಗಡಿಯಾರ ನೋಡಿಕೊಳ್ಳುತ್ತಾನೆ. ಅಜ್ಜಿ ಯಾರ ಮುಖವನ್ನೂ ನೋಡುವುದಿಲ್ಲ, ತನ್ನ ಅಂಗೈಯನ್ನೇ ನೋಡಿಕೊಳ್ಳುತ್ತಾಳೆ.

ಪ್ರತಿ ಪ್ರಯತ್ನವೂ ಹಿಂದಿನದಕ್ಕಿಂತ ಒಂದು ಮೆಟ್ಟಿಲು ಮೇಲೇರಬೇಕು. ಅದೇ ಪ್ರಯತ್ನ ಅದೇ ರೀತಿ ಎರಡು ಸಲ ಬಂದರೆ ಕಥೆ ನಿಂತುಬಿಡುತ್ತದೆ. ಬರೆದು ಮುಗಿಸಿದ ಮೇಲೆ ಸಂಭಾಷಣೆಯನ್ನೆಲ್ಲ ಪೆನ್ಸಿಲಿನಲ್ಲಿ ಹೊಡೆದು ಹಾಕಿ ಓದಿ ನೋಡಿ. ಏನೂ ಅರ್ಥವಾಗದ ಕಡೆ ಮಾತ್ರ ಮಾತನ್ನು ವಾಪಸ್ ಸೇರಿಸಿ.

ಕೊನೆಯನ್ನು ಮೊದಲೇ ಬಿತ್ತಿ

ಅಜ್ಜಿಗೆ ಅಕ್ಕಿ ಸಿಗಬೇಕೇ, ಬೇಡವೇ? ಅಂಗಡಿಯವನು ಮನ ಕರಗಿ ಕೊಟ್ಟುಬಿಟ್ಟ ಎಂದರೆ ಅದು ಬರಹಗಾರ ಕೊಟ್ಟ ದಾನ. ಅಜ್ಜಿ ಅಲ್ಲೇ ಕುಸಿದು ಬಿದ್ದಳು ಎಂದರೆ ಕಣ್ಣೀರು ತರಿಸಲು ಹೂಡಿದ ಆಟ. ಸಾವು, ಅಪಘಾತ, ‘ಎಲ್ಲವೂ ಕನಸು’ ಈ ಮೂರನ್ನು ಮೊದಲ ಚಿತ್ರದಿಂದ ದೂರವಿಡಿ ಎಂದೇ ನಾನು ಹೇಳುತ್ತೇನೆ. ಕೊನೆ ಕಥೆಯೊಳಗಿಂದಲೇ ಬರಬೇಕು.

ಆಧಾರ್ ನೋಂದಣಿಯಲ್ಲಿ ಹತ್ತೂ ಬೆರಳುಗಳ ಅಚ್ಚು ತೆಗೆದುಕೊಳ್ಳುತ್ತಾರೆ. ಅಡಿಕೆ ಸುಲಿಯುವಾಗ ಅಜ್ಜಿಯ ಕಿರುಬೆರಳು ಕೆಲಸಕ್ಕೆ ಬಾರದೆ ಪಕ್ಕಕ್ಕೆ ಚಾಚಿಕೊಂಡಿರುತ್ತದೆ ಎಂದಿಟ್ಟುಕೊಳ್ಳಿ. ಚಿತ್ರದ ಮೊದಲ ತುಣುಕಿನಲ್ಲೇ, ಅಂದರೆ ಕತ್ತರಿಸದೆ ಒಂದೇ ಸಲಕ್ಕೆ ತೆಗೆದ ಮೊದಲ ಶಾಟ್‌ನಲ್ಲೇ, ಮೆಟ್ಟುಗತ್ತಿಯ ಮೇಲಿನ ಕೈಗಳನ್ನು ತೋರಿಸುವಾಗ, ಅದು ಕಾಣಿಸಲಿ. ಯಾರೂ ಅದರ ಬಗ್ಗೆ ಚಕಾರ ಎತ್ತಬಾರದು. ಕೊನೆಗೆ ಎಲ್ಲ ಬೆರಳುಗಳೂ ಸೋತ ಮೇಲೆ, ಅಜ್ಜಿ ಹೊರಟು ನಿಂತವಳು ತಿರುಗಿ ಬಂದು ಕಿರುಬೆರಳು ಒತ್ತಲಿ. ಯಂತ್ರ ಒಪ್ಪುತ್ತದೆ. ದುಡಿಯದೆ ಉಳಿದ ಒಂದೇ ಬೆರಳು ಅಕ್ಕಿ ತಂದಿತು. ಇದರ ಅರ್ಥವನ್ನು ಯಾರೂ ಬಾಯಿಬಿಟ್ಟು ವಿವರಿಸಬಾರದು, ಕೊನೆಯಲ್ಲಿ ಬರಹ ಹಾಕಲೂಬಾರದು. ನೋಡುಗ ಮೊದಲ ಶಾಟನ್ನು ತಾನೇ ನೆನಪಿಸಿಕೊಳ್ಳುತ್ತಾನೆ.

ಶಾಟ್‌ಗಳನ್ನು ಪಟ್ಟಿ ಮಾಡುವಾಗ

1920ರ ಆಸುಪಾಸಿನಲ್ಲಿ ರಷ್ಯಾದ ಚಿತ್ರನಿರ್ದೇಶಕ ಲೆವ್ ಕುಲೆಶೊವ್ ಒಂದು ಪ್ರಯೋಗ ಮಾಡಿದರು. ನಟನೊಬ್ಬನ ನಿರ್ಭಾವದ ಮುಖದ ಒಂದೇ ಶಾಟನ್ನು ಒಮ್ಮೆ ಸೂಪ್ ಬಟ್ಟಲಿನ ಜೊತೆ, ಇನ್ನೊಮ್ಮೆ ಶವಪೆಟ್ಟಿಗೆಯ ಜೊತೆ ಜೋಡಿಸಿದರು. ನೋಡಿದವರಿಗೆ ಅದೇ ಮುಖದಲ್ಲಿ ಒಮ್ಮೆ ಹಸಿವು, ಒಮ್ಮೆ ದುಃಖ ಕಂಡಿತು. ಹವ್ಯಾಸಿಗಳಿಗೆ ಇದಕ್ಕಿಂತ ದೊಡ್ಡ ವರವಿಲ್ಲ. ನಿಮ್ಮ ಅಜ್ಜಿ ಪಾತ್ರಧಾರಿ ಅಭಿನಯ ಕಲಿತವರಲ್ಲದಿದ್ದರೂ ಚಿಂತೆಯಿಲ್ಲ. ‘ಅಳಿ’, ‘ಬೇಸರ ತೋರಿಸಿ’ ಎನ್ನಬೇಡಿ. ‘ಬೆರಳನ್ನು ನೋಡಿಕೊಳ್ಳಿ’, ‘ಚೀಲ ಮಡಚಿ’ ಎಂದು ಕೆಲಸ ಹೇಳಿ. ಭಾವ ಹುಟ್ಟಿಸುವುದು ಅಕ್ಕಪಕ್ಕದ ಶಾಟ್‌ಗಳ ಹೊಣೆ.

ಪ್ರತಿ ದೃಶ್ಯಕ್ಕೂ ಮೂರು ಬಗೆಯ ಶಾಟ್ ಇದ್ದರೆ ಸಂಕಲನಕ್ಕೆ ದಾರಿಯಾಗುತ್ತದೆ: ಜಾಗವನ್ನೆಲ್ಲ ತೋರಿಸುವ ದೂರದ ಶಾಟ್, ಸೊಂಟದಿಂದ ಮೇಲಿನದು, ಕೈ ಅಥವಾ ಮುಖದ ಕ್ಲೋಸ್-ಅಪ್. ಅಜ್ಜಿ ಮತ್ತು ಅಂಗಡಿಯವನ ನಡುವೆ ಒಂದು ಗೆರೆ ಎಳೆದಿದೆ ಎಂದುಕೊಂಡು, ದೃಶ್ಯ ಮುಗಿಯುವವರೆಗೆ ಕ್ಯಾಮೆರಾವನ್ನು ಅದರ ಒಂದೇ ಬದಿಯಲ್ಲಿಡಿ. ಆಚೆ ದಾಟಿದರೆ ಇಬ್ಬರೂ ಒಂದೇ ದಿಕ್ಕಿಗೆ ನೋಡುತ್ತಿರುವಂತೆ ಕಂಡು ಗೊಂದಲವಾಗುತ್ತದೆ.

ಮೊಬೈಲ್‌ನಲ್ಲಿ ಚಿತ್ರೀಕರಿಸುವವರಿಗೆ ಒಂದು ಮಾತು. ನಮ್ಮ ವಿದ್ಯುತ್ 50 ಹರ್ಟ್ಸ್‌ನದ್ದು. ಟ್ಯೂಬ್‌ಲೈಟ್ ಬೆಳಕಿನಲ್ಲಿ ಚಿತ್ರ ಮಿನುಗುತ್ತಿದ್ದರೆ ಸೆಕೆಂಡಿಗೆ 25 ಫ್ರೇಮ್ (ಬಿಡಿ ಚಿತ್ರ), ಶಟರ್ (ಪ್ರತಿ ಫ್ರೇಮಿಗೆ ಬೆಳಕು ಬೀಳುವ ಅವಧಿ) 1/50 ಸೆಕೆಂಡು ಇಟ್ಟುಕೊಳ್ಳಿ. ಫೋಕಸ್ ಮತ್ತು ಬೆಳಕನ್ನು ಲಾಕ್ ಮಾಡಿ. ಲೆನ್ಸ್ ಒರೆಸಿ. ಫೋನನ್ನು ಅಡ್ಡ ಹಿಡಿಯಿರಿ.

ಧ್ವನಿಯನ್ನು ಕಡೆಗಣಿಸಬೇಡಿ

ಚಿತ್ರ ಸ್ವಲ್ಪ ಮಸುಕಾದರೂ ಜನ ನೋಡುತ್ತಾರೆ, ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ಕಾಲರ್ ಮೈಕ್ ಇಲ್ಲದಿದ್ದರೆ ಇನ್ನೊಂದು ಫೋನಿನಲ್ಲಿ ಧ್ವನಿಮುದ್ರಣ ಹಾಕಿ ಪಾತ್ರಧಾರಿಯ ಜೇಬಿನಲ್ಲೋ ಅಕ್ಕಿ ಮೂಟೆಯ ಹಿಂದೋ ಇಡಿ. ಶಾಟ್ ಶುರುವಾಗುವಾಗ ಒಂದು ಚಪ್ಪಾಳೆ ತಟ್ಟಿ. ಆಮೇಲೆ ಎರಡನ್ನೂ ಹೊಂದಿಸಲು ಅದೇ ಗುರುತು. ಪ್ರತಿ ಜಾಗದಲ್ಲೂ ಎಲ್ಲರೂ ಸುಮ್ಮನಿದ್ದು ಅರ್ಧ ನಿಮಿಷ ಬರಿಯ ಪರಿಸರದ ಸದ್ದನ್ನು ಮುದ್ರಿಸಿಕೊಳ್ಳಿ: ಜೀರುಂಡೆ, ತಕ್ಕಡಿಯ ಕಟಕಟ, ದೂರದ ಬಸ್ಸು. ಸಂಕಲನದಲ್ಲಿ ಕತ್ತರಿಸಿದ ಕಡೆಗಳನ್ನು ಇದು ಬೆಸೆಯುತ್ತದೆ.

ಹಿನ್ನೆಲೆ ಸಂಗೀತವಿಲ್ಲದೆಯೇ ಚಿತ್ರ ನಿಲ್ಲುತ್ತದೆಯೇ ಎಂದು ಮೊದಲು ಪರೀಕ್ಷಿಸಿ. ಪಿಟೀಲು ನುಡಿಸಿ ದುಃಖ ತರಿಸಬೇಕಾಗಿದ್ದರೆ ದೃಶ್ಯದಲ್ಲೇ ಏನೋ ಕೊರತೆಯಿದೆ. ಸಿನಿಮಾ ಹಾಡು ಬಳಸಿದರೆ ಹಕ್ಕುಸ್ವಾಮ್ಯದ ತೊಡಕು ಬರುತ್ತದೆ. ಊರಿನಲ್ಲಿ ಕೊಳಲು, ತಬಲಾ ಬಲ್ಲವರಿದ್ದರೆ ಕೇಳಿ ನೋಡಿ.

ಕತ್ತರಿಸಿ, ತೋರಿಸಿ, ಮತ್ತೆ ಕತ್ತರಿಸಿ

ಸಂಕಲನ ಮಾಡುವಾಗ ದೃಶ್ಯಕ್ಕೆ ತಡವಾಗಿ ಬನ್ನಿ, ಬೇಗ ಹೊರಡಿ. ಅಜ್ಜಿ ಮನೆಯಿಂದ ಹೊರಟಿದ್ದು, ಚಪ್ಪಲಿ ಹಾಕಿದ್ದು, ದಾರಿ ನಡೆದದ್ದು ಯಾವುದೂ ಬೇಡ. ಕೈಗಳು, ಮೆಟ್ಟುಗತ್ತಿ, ನೇರ ಅಂಗಡಿಯ ಸಾಲು. ಕಷ್ಟಪಟ್ಟು ತೆಗೆದ ಚೆಂದದ ಶಾಟ್ ಕಥೆಯನ್ನು ಮುಂದೆ ನೂಕದಿದ್ದರೆ ತೆಗೆಯಲೇಬೇಕು. ಹೊಟ್ಟೆ ಉರಿಯುತ್ತದೆ, ನಿಜ.

ಮೊದಲ ಕರಡು ಸಿದ್ಧವಾದಾಗ ಕಥೆ ಗೊತ್ತಿಲ್ಲದ ಇಬ್ಬರು ಮೂವರಿಗೆ ತೋರಿಸಿ. ತಂಡದವರಿಗೂ ಮನೆಯವರಿಗೂ ಬೇಡ, ಅವರು ಚೆನ್ನಾಗಿದೆ ಎಂದೇ ಹೇಳುತ್ತಾರೆ. ತೋರಿಸುವಾಗ ವಿವರಣೆ ಕೊಡಬೇಡಿ. ತೆರೆಯನ್ನು ಬಿಟ್ಟು ಅವರ ಮುಖಗಳನ್ನು ಗಮನಿಸಿ, ಕಣ್ಣು ಆಚೀಚೆ ಹರಿದ ಜಾಗವನ್ನು ಗುರುತು ಹಾಕಿಕೊಳ್ಳಿ. ಮುಗಿದ ಮೇಲೆ ‘ಹೇಗಿದೆ’ ಎಂದು ಕೇಳದೆ ‘ಅಜ್ಜಿಗೆ ಏನು ಬೇಕಿತ್ತು? ಕೊನೆಗೆ ಹೇಗೆ ಸಿಕ್ಕಿತು?’ ಎಂದು ಕೇಳಿ. ಮಗನ ವಿಷಯ ಅವರಾಗಿಯೇ ಎತ್ತಿದರೆ ಆ ಭಾಗ ಮುಟ್ಟಿದೆ. ಕಿರುಬೆರಳು ಯಾರಿಗೂ ನೆನಪಿಲ್ಲದಿದ್ದರೆ ಮೊದಲ ಶಾಟನ್ನು ಇನ್ನೆರಡು ಸೆಕೆಂಡು ಉದ್ದ ಮಾಡಿ ಬೇರೆಯವರಿಗೆ ತೋರಿಸಿ.