ಪಿ0420 ಬಂದ ಕೂಡಲೇ ಕ್ಯಾಟ್ ಬದಲಿಸಬೇಡಿ

ಚೆಕ್ ಎಂಜಿನ್ ಲೈಟ್ ಹತ್ತಿತು, ಸ್ಕ್ಯಾನರ್ ಹಾಕಿದರೆ ಪಿ0420 ಬಂತು, ಅಂದರೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ (ಕ್ಯಾಟ್) ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವ ಕೋಡ್. ಆಮೇಲೆ ಗ್ಯಾರೇಜಿನಲ್ಲಿ ಸಿಗುವ ಉತ್ತರ ಒಂದೇ: "ಕ್ಯಾಟ್ ಹೋಗಿದೆ ಸರ್, ಬೇರೆ ಹಾಕೋದೇ." ನನಗೂ ಅದೇ ಉತ್ತರ ಸಿಕ್ಕಿತ್ತು. ಅವರು ಹೇಳಿದ ರೇಟ್ ಕೇಳಿ, ಮೊದಲು ನಾನೇ ನೋಡೋಣ ಅಂತ ಕೂತೆ. ಕಡೆಗೆ ಸಿಕ್ಕಿದ ಕಾರಣ ಕ್ಯಾಟ್ ಅಲ್ಲವೇ ಅಲ್ಲ.

ನನ್ನದು ಬಿಎಸ್4 ಪೆಟ್ರೋಲ್ ಕಾರು. ಇರೋದು ಕಾರವಾರದಲ್ಲಿ, ಹೆಂಡತಿಯ ತವರು ಶಿರಸಿ ಕಡೆ. ಹಾಗಾಗಿ ಕುಮಟಾ ದಾಟಿ ದೇವಿಮನೆ ಘಟ್ಟ ಹತ್ತುವುದು ನಮಗೆ ಮಾಮೂಲಿ. ಉಳಿದ ದಿನಗಳಲ್ಲಿ ಕಾರು ಊರೊಳಗೇ ಓಡಾಡುತ್ತದೆ, ರಾತ್ರಿ ಬಯಲಲ್ಲೇ ನಿಲ್ಲುತ್ತದೆ. ಕಡಲ ಗಾಳಿಯ ಉಪ್ಪು, ಮಳೆಗಾಲದ ನೀರು ಎರಡೂ ಕಾರಿನ ತಳಕ್ಕೇ ಬಡಿಯುತ್ತವೆ.

ಕ್ಯಾಟಲಿಟಿಕ್ ಕನ್ವರ್ಟರ್ ಅಂದರೆ ಎಕ್ಸಾಸ್ಟ್ ಪೈಪಿನಲ್ಲಿ ಕೂತಿರುವ ಡಬ್ಬಿ. ಒಳಗೆ ಜೇನುಗೂಡಿನಂಥ ಸೆರಾಮಿಕ್ ಜಾಲರಿ, ಅದರ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪ. ಕಾರ್ಬನ್ ಮಾನಾಕ್ಸೈಡ್, ಸುಡದೇ ಉಳಿದ ಪೆಟ್ರೋಲ್ ಆವಿ, ನೈಟ್ರೋಜನ್ ಆಕ್ಸೈಡ್ ಇವನ್ನೆಲ್ಲ ಅದು ಅಪಾಯ ಕಡಿಮೆ ಇರುವ ಅನಿಲಗಳಾಗಿ ಮಾಡುತ್ತದೆ. ಇದರ ಮುಂದೆ ಒಂದು ಆಕ್ಸಿಜನ್ ಸೆನ್ಸರ್, ಹಿಂದೆ ಇನ್ನೊಂದು. ಮುಂದಿನದರ ವೋಲ್ಟೇಜ್ 0.1ರಿಂದ 0.9ರವರೆಗೆ ಏರಿಳಿಯುತ್ತಲೇ ಇರಬೇಕು. ಹಿಂದಿನದು 0.6, 0.7ರ ಆಸುಪಾಸಿನಲ್ಲಿ ಹೆಚ್ಚುಕಡಿಮೆ ನಿಂತೇ ಇರಬೇಕು. ಹಿಂದಿನದೂ ಮುಂದಿನದರ ಹಾಗೆ ಕುಣಿಯತೊಡಗಿದರೆ ಇಸಿಯು, ಅಂದರೆ ಎಂಜಿನ್ ನೋಡಿಕೊಳ್ಳುವ ಕಂಪ್ಯೂಟರ್, ಪಿ0420 ಬರೆದಿಡುತ್ತದೆ. ಅಂದರೆ ಕ್ಯಾಟ್ ಒಳಗೆ ಏನಾಗಿದೆ ಅಂತ ಇಸಿಯು ಕಣ್ಣಾರೆ ನೋಡಿರುವುದಿಲ್ಲ. ಹಿಂದಿನ ಸೆನ್ಸರ್ ಹೇಳಿದ್ದನ್ನು ನಂಬಿರುತ್ತದೆ, ಅಷ್ಟೇ. ಹೊಸ ಕಾರುಗಳಲ್ಲಿ ಮುಂದಿನದು ಬೇರೆ ಬಗೆಯ ಸೆನ್ಸರ್ ಇರಬಹುದು, ಅದು ಹೀಗೆ ಕುಣಿಯುವುದಿಲ್ಲ. ಅಂಥ ಕಾರಿನಲ್ಲಿ ಹಿಂದಿನದನ್ನು ನೋಡಿದರೆ ಸಾಕು.

ಸ್ಟೇರಿಂಗ್ ಕೆಳಗಿನ 16 ಪಿನ್ ಸಾಕೆಟ್‌ಗೆ ಬ್ಲೂಟೂತ್ ಸ್ಕ್ಯಾನರ್ ಚುಚ್ಚಿ ಮೊಬೈಲ್‌ನಲ್ಲಿ ನೋಡಿದೆ. ಪಿ0420 ಜೊತೆ ಪಿ0141 ಕೂಡ ಇತ್ತು. ಪಿ0141 ಅಂದರೆ ಹಿಂದಿನ ಸೆನ್ಸರ್‌ನ ಹೀಟರ್ (ಅದನ್ನು ಬೇಗ ಬಿಸಿ ಮಾಡುವ ಭಾಗ) ಸರ್ಕ್ಯೂಟಿನಲ್ಲಿ ತೊಂದರೆ. ಗ್ಯಾರೇಜಿನಲ್ಲಿ ಇದರ ಮಾತೇ ಎತ್ತಿರಲಿಲ್ಲ. ಕೋಡ್ ಅಳಿಸುವ ಮುಂಚೆ ಫ್ರೀಜ್ ಫ್ರೇಮ್‌ನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಲೈಟ್ ಹತ್ತಿದಾಗ ಎಂಜಿನ್ ಎಷ್ಟು ಬಿಸಿ ಇತ್ತು, ಸ್ಪೀಡ್ ಎಷ್ಟಿತ್ತು ಎಲ್ಲ ಅದರಲ್ಲಿರುತ್ತದೆ. ಅಳಿಸಿದರೆ ಅದೂ ಹೋಗುತ್ತದೆ.

ಸೆನ್ಸರ್ ಕೋಡ್ ಇದ್ದರೆ ಮೊದಲು ಅದನ್ನೇ ಸರಿಮಾಡಬೇಕು. ಸಾಕ್ಷಿ ಹೇಳುವವನೇ ಸರಿ ಇಲ್ಲದಾಗ ಅವನ ಮಾತಿನ ಮೇಲೆ ಕ್ಯಾಟ್‌ಗೆ ಶಿಕ್ಷೆ ಕೊಡುವುದು ಯಾವ ನ್ಯಾಯ?

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿದೆ. ಬರೀ ಜಾಕ್ ನಂಬಿ ಕೆಳಗೆ ಹೋಗಲೇಬೇಡಿ. ಹಿಂದಿನ ಸೆನ್ಸರ್‌ನ ಕನೆಕ್ಟರ್ ಬಿಚ್ಚಲು ನೋಡಿದರೆ ಕಚ್ಚಿಕೊಂಡಿತ್ತು. ಲಾಕ್ ಒತ್ತಿ ಮೆಲ್ಲಗೆ ಆಚೀಚೆ ಅಲುಗಿಸಿದ ಮೇಲೆ ಬಂತು. ಒಂದು ಪಿನ್ ಮೇಲೆ ಹಸಿರು ಪುಡಿ ಗಟ್ಟಿಯಾಗಿ ಕೂತಿತ್ತು, ಹಳೇ ತಾಮ್ರದ ಪಾತ್ರೆಗೆ ಹಿಡಿಯುತ್ತಲ್ಲ, ಅದೇ ಕಿಲುಬು. ಒಳಗಿನ ರಬ್ಬರ್ ಸೀಲ್ ಒಂದು ಕಡೆ ಮಡಚಿಕೊಂಡಿತ್ತು. ನೀರು ನುಗ್ಗಿದ್ದು ಅಲ್ಲಿಂದಲೇ.

ನನ್ನ ಸೆನ್ಸರ್‌ಗೆ ನಾಲ್ಕು ವೈರ್, ಅದರಲ್ಲಿ ಎರಡು ಬಿಳಿ. ಆ ಎರಡು ಹೀಟರ್‌ನವು. ಮಲ್ಟಿಮೀಟರ್ ಹಿಡಿದರೆ ಕೆಲವೇ ಓಮ್ ತೋರಿಸಿತು. ಅಂದರೆ ಒಳಗಿನ ಹೀಟರ್ ಜೀವಂತ ಇದೆ. ಸುಟ್ಟಿದ್ದರೆ ಮೀಟರ್ ಓಪನ್ ತೋರಿಸುತ್ತಿತ್ತು, ಆಗ ಸೆನ್ಸರ್ ಬದಲಿಸದೆ ವಿಧಿಯಿಲ್ಲ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಸಣ್ಣ ಬ್ರಷ್‌ನಿಂದ ಪಿನ್ ಉಜ್ಜಿ, ಸೀಲ್ ಸರಿಯಾಗಿ ಕೂರಿಸಿದೆ. ಪಿ0141 ಮತ್ತೆ ಬರಲಿಲ್ಲ.

ಪಿ0420 ಮಾತ್ರ ಮತ್ತೆ ಬಂತು.

ಈಗ ಲೈವ್ ಡೇಟಾ ನೋಡುವ ಸರದಿ. ಕಾರನ್ನು ಅಂಕೋಲಾ ಕಡೆ ಹೆದ್ದಾರಿಯಲ್ಲಿ ಓಡಿಸಿ ಚೆನ್ನಾಗಿ ಬಿಸಿ ಮಾಡಿಕೊಂಡು ಬಂದೆ. ಸುಮಾರು 300 ಡಿಗ್ರಿ ಸೆಲ್ಸಿಯಸ್ ಆಗದೆ ಕ್ಯಾಟ್ ಸರಿಯಾಗಿ ಕೆಲಸ ಮಾಡುವುದಿಲ್ಲ, ತಣ್ಣಗಿದ್ದಾಗ ನೋಡಿ ತೀರ್ಪು ಕೊಡಬಾರದು. ಆಕ್ಸಿಲರೇಟರ್ ಒತ್ತಿ 2500 ಆರ್‌ಪಿಎಂನಲ್ಲಿ ಹಿಡಿದರೆ ಹಿಂದಿನ ಸೆನ್ಸರ್ 0.7ರಲ್ಲಿ ಅಲುಗದೆ ನಿಂತಿತು. ಕಾಲು ತೆಗೆದು ಐಡಲ್‌ಗೆ ಬಿಟ್ಟೆ. ಸ್ವಲ್ಪ ಹೊತ್ತಿಗೆ ಸರ್ರನೆ 0.1ಕ್ಕೆ ಬಿತ್ತು, ಮತ್ತೆ ಏರಿತು, ಮತ್ತೆ ಬಿತ್ತು. ಕ್ಯಾಟ್ ನಿಜಕ್ಕೂ ಸತ್ತಿದ್ದರೆ 2500ರಲ್ಲೂ ಕುಣಿಯಬೇಕಿತ್ತು ಅಲ್ವಾ? ನನ್ನ ಅನುಮಾನ ಲೀಕ್ ಮೇಲೆ ಹೋಯಿತು. ಎಕ್ಸಾಸ್ಟ್ ಅನಿಲ ಒಂದೇ ಸಮನೆ ಹರಿಯುವುದಿಲ್ಲ, ಅಲೆ ಅಲೆಯಾಗಿ ಬರುತ್ತದೆ. ಎರಡು ಅಲೆಗಳ ನಡುವೆ ಸಣ್ಣ ತೂತಿನಿಂದ ಹೊರಗಿನ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಐಡಲ್‌ನಲ್ಲಿ ಇದು ಜಾಸ್ತಿ. ಆ ಗಾಳಿಯ ಆಕ್ಸಿಜನ್ನನ್ನೇ ಸೆನ್ಸರ್ ಲೆಕ್ಕಕ್ಕೆ ಹಿಡಿಯುತ್ತದೆ, ಆಕ್ಸಿಜನ್ ಜಾಸ್ತಿ ಕಂಡಾಗ ಅದರ ವೋಲ್ಟೇಜ್ ಬೀಳುತ್ತದೆ.

ಲೀಕ್ ಹುಡುಕಲು ದೊಡ್ಡ ಯಂತ್ರ ಬೇಕಿಲ್ಲ. ಕಾರು ತಣ್ಣಗಾದ ಮೇಲೆ ವ್ಯಾಕ್ಯೂಮ್ ಕ್ಲೀನರ್‌ನ ಗಾಳಿ ಊದುವ ಬದಿಗೆ ಪೈಪ್ ಹಾಕಿ, ಸೈಲೆನ್ಸರ್ ಬಾಯಿಗೆ ಬಟ್ಟೆ ಸುತ್ತಿ ಸಿಕ್ಕಿಸಿದೆ. ಪಕ್ಕದ ಮನೆ ಹುಡುಗ ಅದನ್ನು ಹಿಡಿದುಕೊಂಡ. ನಾನು ಕೆಳಗೆ ಮಲಗಿ ಪ್ರತಿ ಜಾಯಿಂಟ್‌ಗೂ ಸೋಪ್ ನೀರು ಸ್ಪ್ರೇ ಮಾಡುತ್ತ ಹೋದೆ. ಕ್ಯಾಟ್ ಆದ ಮೇಲಿನ ಫ್ಲ್ಯಾಂಜ್ (ಎರಡು ಪೈಪ್ ಬೋಲ್ಟ್ ಹಾಕಿ ಸೇರಿಸುವ ಜಾಗ), ಹಿಂದಿನ ಸೆನ್ಸರ್‌ಗಿಂತ ಸ್ವಲ್ಪ ಮುಂಚೆ. ಅಲ್ಲಿ ಬುಳುಬುಳು ಅಂತ ನೊರೆ ಎದ್ದಿತು. "ಅಂಕಲ್, ಸಿಕ್ತಾ?" ಅಂದ ಹುಡುಗ. ಸಿಕ್ಕಿತ್ತು! ಒಳಗಿನ ಗ್ಯಾಸ್ಕೆಟ್ ತುಕ್ಕು ತಿಂದು ಒಂದು ಬದಿ ಉದುರಿಹೋಗಿತ್ತು.

ಬೋಲ್ಟ್‌ಗಳಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ರಾತ್ರಿಯಿಡೀ ಬಿಟ್ಟೆ. ಜೋರು ಮಾಡಿದರೆ ಮುರಿಯುತ್ತವೆ, ಆಮೇಲೆ ವೆಲ್ಡಿಂಗ್ ಶಾಪ್ ತಿರುಗಬೇಕು. ಹೊಸ ಗ್ಯಾಸ್ಕೆಟ್, ಹೊಸ ನಟ್ ಬೋಲ್ಟ್, ಅಷ್ಟರಲ್ಲೇ ಮುಗಿಯಿತು. ಕ್ಯಾಟ್‌ನ ಬೆಲೆ ಎದುರು ಅದು ಏನೂ ಅಲ್ಲ. ಅಲ್ಲಿಗೆ ಸಿಕ್ಕಿದ ಸಿಲಿಕಾನ್ ಬಳಿಯಬೇಡಿ. ಸಿಲಿಕಾನ್ ಆವಿ ಆಕ್ಸಿಜನ್ ಸೆನ್ಸರ್‌ಗೆ ವಿಷ. ಕೋಡ್ ಅಳಿಸಿ, ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿಸಿ, ಸ್ಕ್ಯಾನರ್‌ನಲ್ಲಿ ಕ್ಯಾಟಲಿಸ್ಟ್ ಮಾನಿಟರ್ (ಇಸಿಯು ತಾನೇ ನಡೆಸುವ ಕ್ಯಾಟ್ ಟೆಸ್ಟ್) 'ಕಂಪ್ಲೀಟ್' ಆಗುವವರೆಗೆ ಕಾದೆ. ಕೋಡ್ ಅಳಿಸಿದ ತಕ್ಷಣ ಲೈಟ್ ಆರಿದ್ದನ್ನು ನೋಡಿ ಸರಿಯಾಯಿತು ಅನ್ನುವಂತಿಲ್ಲ. ಆ ಟೆಸ್ಟ್ ಪಾಸಾಗಬೇಕು. ಪಾಸಾಯಿತು. ಅದಾದ ಮೇಲೆ ಶಿರಸಿಗೆ ಹೋಗಿ ಬಂದಾಗಲೂ ಕೋಡ್ ಇಲ್ಲ.

ನಿಮ್ಮ ಕಾರಿನಲ್ಲಿ ಲೀಕ್ ಇಲ್ಲ, ಸೆನ್ಸರ್ ಸರಿ ಇದೆ, ಬಿಸಿ ಎಂಜಿನ್‌ನಲ್ಲೂ ಹಿಂದಿನದು ಕುಣಿಯುತ್ತಿದೆ ಅಂದರೆ ಕ್ಯಾಟ್ ಹೋಗಿರಬಹುದು. ಡಬ್ಬಿಯನ್ನು ಕೈಯಿಂದ ತಟ್ಟಿದರೆ ಒಳಗೆ ಗಲಗಲ ಅಂದರೆ ಜಾಲರಿ ಒಡೆದಿದೆ. ಆಗಲೂ ಅದು ಯಾಕೆ ಹೋಯಿತು ಅಂತ ಹುಡುಕಿ. ಎಂಜಿನ್ ಆಯಿಲ್ ಸುಡುತ್ತಿದೆಯಾ, ಮಿಸ್‌ಫೈರ್ (ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳದಿರುವುದು) ಇದೆಯಾ? ಇದ್ದರೆ ಹೊಸ ಕ್ಯಾಟ್ ಕೂಡ ಉಳಿಯುವುದಿಲ್ಲ. ಚೆಕ್ ಎಂಜಿನ್ ಲೈಟ್ ಮಿಣುಕುತ್ತಿದ್ದರೆ ಅದು ಸಾಮಾನ್ಯವಾಗಿ ಜೋರು ಮಿಸ್‌ಫೈರ್. ಸುಡದ ಪೆಟ್ರೋಲ್ ಕ್ಯಾಟ್‌ಗೆ ಹೋಗಿ ಜಾಲರಿಯೇ ಕರಗಬಹುದು, ಅದಕ್ಕೇ ಘಟ್ಟ ಹತ್ತದೆ ಬದಿಗೆ ನಿಲ್ಲಿಸಿ. ಇನ್ನು ಕೆಲವರು "ಒಳಗಿನ ಜಾಲರಿ ಒಡೆದು ತೆಗೀರಿ, ಪಿಕಪ್ ಬರುತ್ತೆ" ಅನ್ನುತ್ತಾರೆ. ಖಂಡಿತ ಬೇಡ. ಆ ಹೊಗೆ ಕುಡಿಯೋದು ನಮ್ಮ ಮಕ್ಕಳೇ, ಕೋಡ್ ಹೇಗೂ ಮತ್ತೆ ಬರುತ್ತದೆ.